ಶಾಲೆ ಬಿಡಿಸಿದರೆ ಸಾಲದು, ಮನೆ ಶಾಲೆಯಾಗಬೇಕು

ದುಆ ಮಾಡಿ ಎಂದು ಕೇಳಿಕೊಂಡು ಬಂದವರಿಗೆ ಆಗುವುದಿಲ್ಲ ಎಂದು ನಾವು ಒಮ್ಮೆ ಮಾತ್ರ ಹೇಳಿದ್ದುಂಟು. ಅದು 2021ರ ಅಕ್ಟೋಬರ್ ಕೊನೆ. ಕೊರೋನಾದಿಂದ ಮುಚ್ಚಿದ್ದ ಶಾಲೆಗಳಲ್ಲಿ ದೊಡ್ಡ ತರಗತಿಗಳು ಮೊದಲೇ ಶುರುವಾಗಿದ್ದವು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಅಕ್ಟೋಬರ್ 25ರಂದು ಬಾಗಿಲು ತೆರೆದಿತ್ತು. ಹೊಸಪೇಟೆಯ ನಮ್ಮ ಮದ್ರಸಕ್ಕೆ ಮಕ್ಕಳು ಮತ್ತೆ ಯೂನಿಫಾರ್ಮ್ ಹಾಕಿಕೊಂಡೇ ಬಂದು, ಪಾಠ ಮುಗಿಸಿ ಅಲ್ಲಿಂದಲೇ ಶಾಲೆಗೆ ಓಡುವ ಗಡಿಬಿಡಿ. ಒಂದೂವರೆ ವರ್ಷದ ನಂತರ ಆ ಗದ್ದಲ ಕೇಳಿ ನಮಗೂ ಖುಷಿಯಾಗಿತ್ತು.

ಅಂತಹ ಒಂದು ದಿನ ಇಶಾ ನಮಾಝ್ ಮುಗಿದ ಮೇಲೆ ನಮ್ಮವರೇ ಒಬ್ಬರು, ಊರಲ್ಲಿ ಬೇಕರಿ ನಡೆಸುವವರು, ಮಸೀದಿಯ ಮೆಟ್ಟಿಲ ಹತ್ತಿರ ನಮ್ಮನ್ನು ನಿಲ್ಲಿಸಿದರು. "ಉಸ್ತಾದರೇ, ಮಕ್ಕಳನ್ನು ಇನ್ನು ಶಾಲೆಗೆ ಕಳಿಸುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ. ಮನೆಯಲ್ಲೇ ಕಲಿಸ್ತೇವೆ. ನೀವೊಂದು ದುಆ ಮಾಡ್ಬೇಕು" ಎಂದರು.

"ಮಕ್ಕಳನ್ನು ಶಾಲೆ ಬಿಡಿಸುವುದಕ್ಕೆ ನಮ್ಮ ದುಆ ಇಲ್ಲ" ಎಂದೆವು. ಅವರ ಮುಖ ಸಣ್ಣದಾಯಿತು. ಸಲಾಂ ಹೇಳಿ ಹೊರಟು ಹೋದರು.

ಅಷ್ಟು ಖಡಾಖಂಡಿತವಾಗಿ ಹೇಳಲು ನಮಗೊಂದು ಕಾರಣ ಇತ್ತು. ಅದನ್ನು ಇಷ್ಟು ದಿನ ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಈಗ ಹೇಳಿಬಿಡುತ್ತೇವೆ.

2014ರಲ್ಲಿ ಸಂಡೂರು ಕಡೆಯ ಒಬ್ಬರು ಮಗಳ ವಿಷಯ ಕೇಳಲು ಬಂದಿದ್ದರು. ಹುಡುಗಿ ಏಳನೇ ತರಗತಿ ಮುಗಿಸಿದ್ದಳು. ಎಂಟಕ್ಕೆ ಹೋಗಬೇಕಾದರೆ ಬಸ್ ಹತ್ತಬೇಕು. ರಸ್ತೆ ತುಂಬ ಅದಿರು ಲಾರಿ, ಬಸ್ ತುಂಬ ಗಂಡಸರು. ತಂದೆಗೆ ಹೆದರಿಕೆ. ಆ ಹೆದರಿಕೆ ಸುಳ್ಳೇನೂ ಅಲ್ಲ. ನಾವು ಜಾಸ್ತಿ ಯೋಚಿಸಲಿಲ್ಲ. "ಮನೆಯಲ್ಲೇ ಕಲಿಯಲಿ, ಮದ್ರಸ ಉಂಟಲ್ಲ" ಎಂದುಬಿಟ್ಟೆವು. ಒಂದೇ ವಾಕ್ಯ. ಉಸ್ತಾದರೇ ಹೇಳಿದ ಮೇಲೆ ಇನ್ನೇನು ಎಂದು ಆ ಮನೆಯವರು ನಿಶ್ಚಿಂತರಾದರು. ಅವಳು ಮನೆಯಲ್ಲಿ ಕಲಿತದ್ದು ಅಡುಗೆ, ಒಗೆಯುವುದು, ತಮ್ಮಂದಿರನ್ನು ನೋಡಿಕೊಳ್ಳುವುದು. ಪುಸ್ತಕ ಮುಟ್ಟಿಸಿದವರು ಯಾರೂ ಇಲ್ಲ. ನಾವೂ ಒಮ್ಮೆಯೂ ಹೋಗಿ ವಿಚಾರಿಸಲಿಲ್ಲ.

ಏಳು ವರ್ಷ ಕಳೆದು, ಮದುವೆಯಾಗಿ ಒಂದು ಮಗುವಿನ ತಾಯಿಯಾದ ಮೇಲೆ ಅವಳು ನಮ್ಮ ಮದ್ರಸಕ್ಕೆ ಬಂದಳು. ಕಂಪ್ಯೂಟರ್ ತರಬೇತಿಗೆ ಸೇರಲು ಹೋಗಿದ್ದಳಂತೆ, ಅಲ್ಲಿ ಎಸೆಸೆಲ್ಸಿ ಮಾರ್ಕ್ಸ್ ಕಾರ್ಡ್ ಕೇಳಿದರಂತೆ. "ಉಸ್ತಾದರೇ, ಮದ್ರಸದ ಸರ್ಟಿಫಿಕೇಟ್ ಕೊಟ್ಟರೆ ನಡೀತದಾ?" ಎಂದು ಕೇಳಿದಳು. ನಾವು ತಲೆ ತಗ್ಗಿಸಿ ನಡೆಯುವುದಿಲ್ಲಮ್ಮಾ ಎಂದೆವು. ಅದಾಗಿ ಮೂರು ತಿಂಗಳಿಗೇ ಈ ಬೇಕರಿಯವರು ಬಂದು ದುಆ ಕೇಳಿದ್ದು.

ಅವರು ಹೋದ ಮೇಲೆ ನಮಗೆ ನಿದ್ದೆ ಬರಲಿಲ್ಲ. ಹಿಂದೆ ಕಾರಣ ಕೇಳದೆ ಹೌದು ಎಂದಿದ್ದೆವು, ಈಗ ಕಾರಣ ಕೇಳದೆ ಇಲ್ಲ ಎಂದೆವು. ಎರಡೂ ಒಂದೇ ತಪ್ಪು ಅಲ್ವಾ? ಮರುದಿನ ಅಸ್ರ್ ನಂತರ ಅವರ ಮನೆಗೆ ಹೋದೆವು.

ಆ ಮನೆಯ ಕಥೆ ನಮ್ಮಲ್ಲಿ ಎಷ್ಟೋ ಮನೆಗಳ ಕಥೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಬ್ಯಾರಿಗಳಿಗೆ ಈ ಕಡೆ ಒಂದೇ ಊರು ಅಂತ ಇರುವುದು ಕಡಿಮೆ. ವ್ಯಾಪಾರ ಎಲ್ಲಿ ಕುದುರುತ್ತದೋ ಅಲ್ಲಿಗೆ ಗಂಟು ಕಟ್ಟುವುದು. ಇವರು ಮೊದಲು ಸಂಡೂರಿನಲ್ಲಿ ಅಂಗಡಿ ಇಟ್ಟಿದ್ದರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ನಿಂತಿತು, ಲಾರಿಯವರು ಚಹಾ ಕುಡಿಯುವುದೂ ನಿಂತಿತು. ಕೆಲವು ವರ್ಷ ಹೇಗೋ ತಳ್ಳಿ, ಆಮೇಲೆ ಕಂಪ್ಲಿಗೆ ಹೋದರು. ಭತ್ತದ ಊರು, ರೈಸ್ ಮಿಲ್ಲುಗಳ ಊರು. ಸುಗ್ಗಿಯಲ್ಲಿ ವ್ಯಾಪಾರ, ಉಳಿದಂತೆ ಅಷ್ಟಕ್ಕಷ್ಟೆ. ಕೊನೆಗೆ ಹೊಸಪೇಟೆ. ದೊಡ್ಡ ಮಗಳಿಗೆ ಹತ್ತು ವರ್ಷ ತುಂಬುವುದರೊಳಗೆ ಮೂರು ಊರು, ಮೂರು ಶಾಲೆ. ಒಂದು ಕಡೆ ಇಂಗ್ಲಿಷ್ ಮೀಡಿಯಂ, ಮತ್ತೊಂದು ಕಡೆ ಕನ್ನಡ ಮೀಡಿಯಂ, ಮತ್ತೆ ಇಂಗ್ಲಿಷ್. ಮನೆಯಲ್ಲಿ ಬ್ಯಾರಿ, ಪಕ್ಕದ ಮುಸ್ಲಿಂ ಮನೆಗಳಲ್ಲಿ ದಖನಿ ಉರ್ದು, ಬೀದಿಯಲ್ಲಿ ಈ ಕಡೆಯ ಕನ್ನಡ, ಸಂತೆಯಲ್ಲಿ ತೆಲುಗು. ಮಗು ಬಾಯಿ ತೆರೆದರೆ ಎಲ್ಲ ಭಾಷೆಯೂ ಸ್ವಲ್ಪ ಸ್ವಲ್ಪ ಬರುತ್ತದೆ. ಪುಸ್ತಕ ತೆರೆದರೆ ಯಾವುದೂ ಬರುವುದಿಲ್ಲ.

ಇದು ಗೊತ್ತಾದದ್ದು ಲಾಕ್‌ಡೌನ್‌ನಲ್ಲಿ. ಮೊಬೈಲಿನಲ್ಲಿ ಪಾಠ ಬರುತ್ತಿತ್ತು, ಮಗಳು ಎದುರು ಕೂತಿರುತ್ತಿದ್ದಳು. ಒಂದು ದಿನ ತಾಯಿ ಕನ್ನಡ ಪುಸ್ತಕ ಕೊಟ್ಟು ಒಂದು ಪುಟ ಓದು ಎಂದಾಗ ಐದನೇ ತರಗತಿಯ ಹುಡುಗಿ ಅಕ್ಷರ ಕೂಡಿಸಿ ಕೂಡಿಸಿ ಎರಡು ಸಾಲು ಓದಿ ಅಳಲು ಶುರು ಮಾಡಿದಳಂತೆ. ಪ್ರತಿ ವರ್ಷ ಪಾಸಾಗಿ ಬಂದ ಹುಡುಗಿ ಅವಳು. ತರಗತಿಯಲ್ಲಿ ಅವಳ ಕನ್ನಡ ಕೇಳಿ ಎಲ್ಲರೂ ನಗುತ್ತಿದ್ದರು, ಪಾಠ ಮಾಡುವವರೂ ನಗುತ್ತಿದ್ದರು. ಅದಕ್ಕೆ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು ಎಂಬುದೂ ಅಂದೇ ಹೊರಗೆ ಬಂತು. ಆ ತಾಯಿ ಪಿಯುಸಿ ಓದಿದವರು. ಅಂದಿನಿಂದ ದಿನಾ ಒಂದು ಗಂಟೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆರು ತಿಂಗಳಲ್ಲಿ ಮಗು ಓದಿತು. ಶಾಲೆ ತೆರೆದಾಗ ಅವರ ಪ್ರಶ್ನೆ ಒಂದೇ: "ಕಲಿಯಲು ಶುರು ಮಾಡಿದವಳನ್ನು ಮತ್ತೆ ಅಲ್ಲಿ ಕೂರಿಸಿದರೆ ಏನಾಗ್ತದೆ ಉಸ್ತಾದರೇ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆದರೆ ನಾವೂ ಒಂದು ಪ್ರಶ್ನೆ ಕೇಳಿದೆವು: "ಹತ್ತನೇ ತರಗತಿ ಪರೀಕ್ಷೆ ಹೇಗೆ ಬರೆಸ್ತೀರಿ?" ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅಷ್ಟು ದೂರ ಅವರೂ ಯೋಚಿಸಿರಲಿಲ್ಲ. "ಅದಕ್ಕೊಂದು ದಾರಿ ಕಂಡುಕೊಂಡು ಬನ್ನಿ, ದುಆ ಮಾಡೋಣ" ಎಂದು ಎದ್ದೆವು.

ಎರಡು ವಾರದಲ್ಲಿ ಅವರು ಕಂಡುಕೊಂಡು ಬಂದರು. ಎನ್‌ಐಒಎಸ್ ಎಂದು ಕರೆಯುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ 1989ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ್ದು. ಶಾಲೆಗೆ ಹೋಗದವರಿಗೆ ಅದೇ ಬೋರ್ಡು. 14 ವರ್ಷ ತುಂಬಿದವರು ಅದರಲ್ಲಿ ಹತ್ತನೇ ತರಗತಿಗೆ ನೋಂದಣಿ ಮಾಡಿಸಬಹುದು, ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಒಂದು ಸಲ ನೋಂದಣಿಯಾದರೆ ಐದು ವರ್ಷ ಅವಕಾಶ. ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ, ಎಲ್ಲ ವಿಷಯ ಒಟ್ಟಿಗೇ ಬರೆಯಬೇಕೆಂದಿಲ್ಲ. ಪಾಸಾದ ವಿಷಯ ಪಾಸಾಗಿಯೇ ಉಳಿಯುತ್ತದೆ. ಆ ಸರ್ಟಿಫಿಕೇಟ್ ಹಿಡಿದು ಪಿಯುಸಿಗೂ ಹೋಗಬಹುದು. ಇದನ್ನು ತಿಳಿದ ರಾತ್ರಿ ನಾವು ಬಹಳ ಹೊತ್ತು ಸಂಡೂರಿನ ಆ ಹುಡುಗಿಯನ್ನು ನೆನೆಸಿಕೊಂಡೆವು. 2014ರಲ್ಲೂ ಈ ದಾರಿ ಇತ್ತು. ಗೊತ್ತಿಲ್ಲದೆ ಸಲಹೆ ಕೊಡುವವರಿಗೆ ಮಾತ್ರ ಅದು ಕಾಣಲಿಲ್ಲ.

ಆಮೇಲಿನ ನಾಲ್ಕು ವರ್ಷ ನಾವು ಆ ಮನೆಯನ್ನು ಹತ್ತಿರದಿಂದ ನೋಡಿದ್ದೇವೆ. ಹೊರಗಿನವರು ತಿಳಿದಷ್ಟು ಅದು ಸುಲಭ ಇರಲಿಲ್ಲ. ಬೆಳಗ್ಗೆ ಮದ್ರಸ, ಒಂಬತ್ತರಿಂದ ಹನ್ನೆರಡರವರೆಗೆ ಪುಸ್ತಕ. ಆ ಮೂರು ಗಂಟೆ ತಾಯಿಯ ಫೋನ್ ಕಪಾಟಿನೊಳಗೆ. ನೆಂಟರು ಬಂದರೂ ಪಾಠ ನಿಲ್ಲುವುದಿಲ್ಲ. ಲೆಕ್ಕ ತಂದೆಯ ಪಾಲು. 50 ಕೆ.ಜಿ.ಯ ಒಂದು ಚೀಲ ಮೈದಾದಲ್ಲಿ ಎಷ್ಟು ಬನ್ನು, ಒಂದು ಬನ್ನಿಗೆ ಎಷ್ಟು ಖರ್ಚು, ಉಳಿದದ್ದು ಮರುದಿನ ರಸ್ಕ್ ಆದರೆ ನಷ್ಟ ಎಷ್ಟು ಕಡಿಮೆ ಎಂದು ಬೇಕರಿಯಲ್ಲೇ ಕೂತು ಶೇಕಡಾ ಲೆಕ್ಕ ಕಲಿಸಿದರು. ಶನಿವಾರ ಮಕ್ಕಳು ಊರಿನ ಅಜ್ಜಿಗೆ ಫೋನ್ ಮಾಡಿ ಬ್ಯಾರಿಯಲ್ಲಿ ಕಥೆ ಕೇಳಿ, ಅದನ್ನು ಕನ್ನಡ ಲಿಪಿಯಲ್ಲಿ ಬರೆಯಬೇಕು. ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲೇ ಬಂದಿದ್ದರೂ ಹೊಸಪೇಟೆಯ ಮಕ್ಕಳಿಗೆ ನಮ್ಮ ಭಾಷೆಯನ್ನು ಬರೆಯಲು ಕಲಿಸುವ ಜಾಗ ಮನೆ ಬಿಟ್ಟರೆ ಬೇರೆ ಇಲ್ಲ.

ಹಂಪಿ ಇಲ್ಲಿಂದ ಹದಿಮೂರು ಕಿಲೋಮೀಟರ್ ಹತ್ತಿರ. ನಮ್ಮಲ್ಲಿ ಅನೇಕರು ಊರಿನಿಂದ ನೆಂಟರು ಬಂದಾಗ ತೋರಿಸಲು ಹೋಗುತ್ತೇವೆ, ಫೋಟೊ ತೆಗೆದು ಬರುತ್ತೇವೆ. ಈ ಮಕ್ಕಳು ಅಲ್ಲಿ ಪಾಠ ಓದಿದರು. ಎರಡನೇ ದೇವರಾಯನ ಕೈಕೆಳಗಿದ್ದ ಅಹ್ಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ಕಟ್ಟಿಸಿದ ಮಸೀದಿ ಈಗಲೂ ಅಲ್ಲಿದೆ, ಪಕ್ಕದಲ್ಲೇ ಗೋರಿ. ಅಲ್ಲಿನ ಶಾಸನ ಅದನ್ನು ಧರ್ಮಶಾಲೆ ಎಂದು ಕರೆಯುತ್ತದೆ, ರಾಜನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದು ಎನ್ನುತ್ತದೆ. ನಾಲ್ಕು ವರ್ಷದ ನಂತರ, 1443ರಲ್ಲಿ, ಶಾರುಖ್ ದೊರೆಯ ರಾಯಭಾರಿ ಅಬ್ದುರ್ರಝಾಕ್ ಈ ನಗರಕ್ಕೆ ಬಂದು ನೋಡಿ ಪಾರ್ಸಿಯಲ್ಲಿ ಬರೆದಿಟ್ಟ. ಈ ಊರಿಗೆ ನಾವು ನಿನ್ನೆ ಮೊನ್ನೆ ಬಂದವರು ಎಂದು ತಿಳಿದುಕೊಂಡಿದ್ದ ಹುಡುಗ ಅಂದು ಮನೆಗೆ ಬಂದು ಎಲ್ಲರಿಗೂ ಇದನ್ನೇ ಹೇಳಿದನಂತೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದಾಗ ಊರಿಗೆ ಊರೇ ಹೆದರಿತು. ಕಂಪ್ಲಿಯಲ್ಲಿ ಹೊಳೆ ಪಕ್ಕದ ನಮ್ಮವರು ಸಾಮಾನು ಕಟ್ಟಿಟ್ಟು ಕೂತಿದ್ದರು. ನೀರು ಜಾಸ್ತಿ ಬಿಟ್ಟರೆ ಅಲ್ಲಿನ ಸೇತುವೆ ಮುಳುಗುವುದು ಗೊತ್ತೇ ಉಂಟು. ಆ ವಾರ ಈ ಮನೆಯಲ್ಲಿ ಬೇರೆ ಪಾಠವೇ ಇಲ್ಲ. 33 ಗೇಟಿನಲ್ಲಿ ಒಂದು ಹೋದರೆ ಏನಾಗುತ್ತದೆ, ಅಣೆಕಟ್ಟು ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದದ್ದು ಈಗ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದ್ದು ಹೇಗೆ, ಅದು ಶೇಕಡಾ ಎಷ್ಟು, ಆ ನೀರಿಗೆ ಎಷ್ಟು ರೈತರು ಕಾಯುತ್ತಾರೆ ಎಂದು ದಿನಾ ಪೇಪರ್ ಓದಿಸಿದರು. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಾಗ ಮಣ್ಣು ತಿಂದಿದೆ ಎಂದು ಹುಡುಗಿಯೇ ಲೆಕ್ಕ ಹಾಕಿ ಹೇಳಿದಳು. ಎರಡು ಸಾಲು ಓದಿ ಅತ್ತಿದ್ದವಳು!

ಇಷ್ಟು ಹೇಳಿದ್ದು ಕೇಳಿ ನಾಳೆಯೇ ಮಕ್ಕಳ ಟಿ.ಸಿ. ತರಲು ಹೊರಡಬೇಡಿ ಮಾರಾಯ್ರೇ. ಇನ್ನೊಂದು ಮಗ್ಗುಲೂ ಉಂಟು.

ಮೊದಲನೆಯದು ತಾಯಿಯ ಆರೋಗ್ಯ. ಎರಡನೇ ವರ್ಷದಲ್ಲಿ ಆ ಹೆಣ್ಣುಮಗಳು ಸುಸ್ತಾಗಿಬಿಟ್ಟರು. ಅಡುಗೆಯೂ ಅವರೇ, ಪಾಠವೂ ಅವರೇ, ಮಗು ತಪ್ಪು ಮಾಡಿದರೆ ಬೈಸಿಕೊಳ್ಳುವುದೂ ಅವರೇ. ಮನೆಯಲ್ಲಿ ಕಲಿಸುತ್ತೇವೆ ಎಂದು ಗಂಡಸರು ಹೇಳುವ ಮಾತಿನಲ್ಲಿ ಕಲಿಸುವವರು ಯಾರು ಎಂಬುದು ಇರುವುದೇ ಇಲ್ಲ. ತಂದೆ ಬೇಕರಿಯಲ್ಲಿ ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟು, ಬೆಳಗ್ಗಿನ ಒಂದು ಗಂಟೆ ಮನೆಯಲ್ಲಿ ಕೂತ ಮೇಲೆಯೇ ಅದು ಸುಧಾರಿಸಿದ್ದು. ತಂದೆಗೆ ದಿನಕ್ಕೆ ಒಂದು ಗಂಟೆ ಇಲ್ಲದ ಮನೆಯಲ್ಲಿ ಮನೆಶಿಕ್ಷಣ ಆಗುವ ಮಾತಲ್ಲ.

ಎರಡನೆಯದು ಮಗ. ಅವನಿಗೆ ಅಕ್ಕನ ಹಾಗೆ ಶಾಲೆಯ ಹೆದರಿಕೆ ಇರಲಿಲ್ಲ. ಸಂಜೆ ಓಣಿಯ ಹುಡುಗರು ಬಂದು ಶಾಲೆಯ ಕಬಡ್ಡಿ, ಪ್ರವಾಸ, ಸರ್ ಹಾಕಿದ ಹೆಸರು ಎಲ್ಲ ಹೇಳುವಾಗ ಇವನು ಸುಮ್ಮನೆ ಕೇಳುತ್ತಿದ್ದ. 2024ರಲ್ಲಿ ಅವನೇ ಹೇಳಿದ, ಶಾಲೆಗೆ ಹೋಗ್ತೇನೆ ಎಂದು. ತಂದೆ ತಾಯಿ ಹಟ ಮಾಡಲಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುವುದರಿಂದ ಆರನೇ ತರಗತಿಗೆ ಸೇರಿದ. ತಂಗಿಯೂ ಅವನ ಜೊತೆ ಹೋದಳು. ಹಾಗಾದರೆ ಮನೆಪಾಠ ಸೋತಿತಾ ಎಂದು ನೆಂಟರು ನಕ್ಕರು. ನಮಗೆ ಹಾಗೆ ಕಾಣಲಿಲ್ಲ. ಯಾವ ಮಗುವಿಗೆ ಯಾವುದು ಬೇಕು ಎಂದು ನೋಡುವುದೇ ತಂದೆ ತಾಯಿಯ ಕೆಲಸ. ಒಬ್ಬಳಿಗೆ ಮನೆ ಬೇಕಾಯಿತು, ಇಬ್ಬರಿಗೆ ಶಾಲೆ ಬೇಕಾಯಿತು.

ಮೂರನೆಯದು ಕಾನೂನು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಮನೆಯಲ್ಲೇ ಕಲಿಸುವುದಕ್ಕೆ ಆ ಕಾಯ್ದೆಯಲ್ಲಿ ಪ್ರತ್ಯೇಕ ಜಾಗ ಇಲ್ಲ. ಹಾಗಾಗಿ ಇಂತಹ ಮಗು ಸರಕಾರದ ಲೆಕ್ಕದಲ್ಲಿ ಶಾಲೆಯಿಂದ ಹೊರಗುಳಿದ ಮಗು. ಇವರ ಮನೆಗೂ ಸಿಆರ್‌ಪಿಯವರು ಬಂದು, "ಯಾಕ್ರೀ, ಮಕ್ಳನ್ನ ಸಾಲಿ ಬಿಡಿಸೀರಿ?" ಎಂದು ವಿಚಾರಿಸಿದ್ದುಂಟು. ತಾಯಿ ಜಗಳ ಮಾಡಲಿಲ್ಲ, ಬಾಗಿಲು ಹಾಕಲಿಲ್ಲ. ಚಹಾ ಕೊಟ್ಟು, ಮಕ್ಕಳ ನೋಟ್‌ಬುಕ್ ತಂದು ಮುಂದಿಟ್ಟರು. ವಾರ ವಾರ ತಾರೀಕು ಹಾಕಿ ಬರೆಸಿದ ನೋಟ್‌ಬುಕ್. ಅವರು ತಿರುವಿ ನೋಡಿ, ಮಗುವಿನಿಂದ ಓದಿಸಿ, ಹೆಸರು ಬರೆದುಕೊಂಡು ಹೋದರು. ಕೇಳುವವರು ಬಂದಾಗ ತೋರಿಸಲು ಏನಾದರೂ ಇರಬೇಕು. ಸಂಡೂರಿನ ಆ ಮನೆಗೆ ಯಾರಾದರೂ ಬಂದಿದ್ದರೆ ಏನು ತೋರಿಸುತ್ತಿದ್ದರು?

ಮಗು ಮದ್ರಸಕ್ಕೆ ಹೋಗುತ್ತದಲ್ಲ, ಅದು ಸಾಲದೇ ಎಂದು ಕೇಳುವವರಿದ್ದಾರೆ. ಮದ್ರಸದ ಉಸ್ತಾದನಾಗಿ ನಾವೇ ಹೇಳುತ್ತೇವೆ, ಸಾಲದು. ಆ ಕಾಯ್ದೆ ಮದ್ರಸಗಳಿಗೆ ಅನ್ವಯಿಸುವುದಿಲ್ಲ ಎಂದು 2012ರ ತಿದ್ದುಪಡಿ ಹೇಳಿದೆ. ನಮ್ಮನ್ನು ನಮ್ಮ ಪಾಡಿಗೆ ಬಿಟ್ಟಿದ್ದಾರೆ, ಸರಿ. ಆದರೆ ಮದ್ರಸದ ಸರ್ಟಿಫಿಕೇಟ್ ಎಸೆಸೆಲ್ಸಿಯ ಜಾಗದಲ್ಲಿ ನಿಲ್ಲುವುದಿಲ್ಲ. ಗಂಡುಮಕ್ಕಳನ್ನು ಹಿಫ್ಝ್‌ಗೆ, ದರ್ಸ್‌ಗೆ ಕಳಿಸಿ ಶಾಲೆ ಬಿಡಿಸುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಹಿಫ್ಝ್ ದೊಡ್ಡ ಭಾಗ್ಯ, ಮಾಡಿಸಿ. ಜೊತೆಗೆ ಹತ್ತನೆಯದನ್ನೂ ಬರೆಸಿ. ಹುಡುಗ ನಾಳೆ ಗಲ್ಫ್‌ಗೆ ಹೋಗುತ್ತಾನಲ್ಲ, ಹತ್ತು ಪಾಸಾದವನ ಪಾಸ್‌ಪೋರ್ಟ್‌ಗೆ ಎಮಿಗ್ರೇಷನ್ ಚೆಕ್‌ನ ಕಟ್ಟುಪಾಡು ಇಲ್ಲ. ಪಾಸಾಗದವನದ್ದು ಇಸಿಆರ್ ಆಗುತ್ತದೆ. ಸೌದಿಗೋ ಕತಾರ್‌ಗೋ ಕೆಲಸಕ್ಕೆ ಹೊರಟಾಗ ಕ್ಲಿಯರೆನ್ಸ್‌ಗೆ ಅಲೆಯಬೇಕು. ನಾವು ದರ್ಸ್‌ನಲ್ಲಿದ್ದಾಗಲೇ ನಮ್ಮ ಉಸ್ತಾದರೊಬ್ಬರು ಬೆನ್ನು ಹತ್ತಿ ಎಸೆಸೆಲ್ಸಿ, ಪಿಯುಸಿ ಬರೆಸಿದರು. ಆಗ ಕಿರಿಕಿರಿಯಾಗಿತ್ತು. ಈಗ ಪ್ರತಿ ನಮಾಝ್‌ನಲ್ಲಿ ಅವರಿಗೆ ದುಆ ಮಾಡುತ್ತೇವೆ.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. 2022ರ ಫೆಬ್ರವರಿಯಲ್ಲಿ ಸಮವಸ್ತ್ರದ ಆದೇಶ ಬಂತು, ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು ಬಂತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಎರಡು ಅಭಿಪ್ರಾಯ ಕೊಟ್ಟರು. ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಹುಡುಗಿಯರ ಕಾಲೇಜು ಚೀಲ ಅಟ್ಟ ಸೇರಿತು. ಆ ನೋವನ್ನು ನಾವು ಸಣ್ಣದು ಮಾಡುವುದಿಲ್ಲ. ಆದರೆ ಚೀಲ ಅಟ್ಟಕ್ಕೆ ಇಟ್ಟ ಮೇಲೆ ಏನಾಯಿತು ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಕೆಲವರು ಬೇರೆ ಕಾಲೇಜು ಹುಡುಕಿದರು. ಕೆಲವರು ಮುಕ್ತ ಶಾಲೆಯಲ್ಲಿ ಬರೆಸಿದರು. ಇನ್ನು ಕೆಲವರು ಮನೆಯಲ್ಲೇ ಓದಲಿ ಎಂದು ಹೇಳಿ ವರ್ಷದೊಳಗೆ ಮದುವೆ ಮಾಡಿದರು. ಕೊನೆಯದನ್ನು ಮನೆಶಿಕ್ಷಣ ಎಂದು ಕರೆಯಬೇಡಿ. ಬೇರೆಯವರು ಮುಚ್ಚಿದ ಬಾಗಿಲಿನ ಬಗ್ಗೆ ಬೇಸರಪಡುವ ನಾವು ನಾವೇ ಒಂದು ಬಾಗಿಲು ಮುಚ್ಚಿದ್ದೇವೆಯೇ ಎಂದೂ ನೋಡಬೇಕು.

ಮನೆಯಲ್ಲಿ ಹೆಣ್ಣುಮಗಳಿಗೆ ಕಲಿಸುವುದಕ್ಕೆ ನಮ್ಮಲ್ಲಿ ಮಾದರಿ ಇಲ್ಲವೆಂದಲ್ಲ. ನಮಗೆ ಇಳಿದ ಮೊದಲ ಆಜ್ಞೆಯೇ ಓದುವುದರ ಬಗ್ಗೆ. ಪ್ರವಾದಿಯವರ (ಸ.ಅ.) ಪತ್ನಿ ಹಫ್ಸಾ (ರ.ಅ.) ಅವರಿಗೆ ಬರೆಯಲು ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾ (ರ.ಅ.) ಎಂಬ ಮಹಿಳೆ. ಬರೆಯಲು ಬರುವವರೇ ವಿರಳವಾಗಿದ್ದ ಕಾಲ ಅದು. ಆ ವಿದ್ಯೆಯ ಜೊತೆ ಚಿಕಿತ್ಸೆಯ ವಿದ್ಯೆಯನ್ನೂ ಹಫ್ಸಾರಿಗೆ ಕಲಿಸಲು ಪ್ರವಾದಿಯವರೇ ಶಿಫಾರಿಗೆ ಹೇಳಿದ್ದು ಹದೀಸಿನಲ್ಲಿದೆ. ಗಮನಿಸಿ, ಮನೆಯೊಳಗೆ ಕಲಿಕೆ ನಡೆಯಿತು, ಆದರೆ ಕಲಿಸಲು ಗೊತ್ತಿದ್ದವರು ಬಂದು ಕಲಿಸಿದರು. ನಾವು ಅನುಸರಿಸುವ ಮದ್‌ಹಬಿನ ಇಮಾಂ ಶಾಫಿಈ ಅವರದ್ದೂ ಹಾಗೆಯೇ. ತಂದೆಯಿಲ್ಲದ ಮಗುವನ್ನು ತಾಯಿ ಗಾಝಾದಿಂದ ಮಕ್ಕಾಕ್ಕೆ ಕರೆದುಕೊಂಡು ಬಂದರು. ಗುರುವಿಗೆ ಕೊಡಲು ಹಣವಿರಲಿಲ್ಲ. ಗುರು ಇಲ್ಲದಾಗ ಉಳಿದ ಮಕ್ಕಳಿಗೆ ಈ ಹುಡುಗ ಪಾಠ ಹೇಳಿಕೊಡುತ್ತಿದ್ದನೆಂದು ಗುರು ಅದನ್ನೇ ಶುಲ್ಕ ಎಂದುಕೊಂಡರು. ಆ ತಾಯಿ ಮಗನನ್ನು ಮನೆಯಲ್ಲಿ ಕೂರಿಸಲಿಲ್ಲ, ಕಲಿಸುವವರನ್ನು ಹುಡುಕಿದರು.

ಶಾಲೆಗೇ ಹೋಗದೆ ದೊಡ್ಡ ಹೆಸರು ಮಾಡಿದವರ ಕಥೆ ಹೇಳುವವರೂ ಇದ್ದಾರೆ. ಮುಂಬೈಯ ಮಾಳವಿಕಾ ರಾಜ್ ಜೋಶಿ ಏಳನೇ ತರಗತಿಗೆ ಶಾಲೆ ಬಿಟ್ಟು ಮನೆಯಲ್ಲಿ ಕಲಿತು, ಕಂಪ್ಯೂಟರ್ ಪ್ರೋಗ್ರಾಮಿಂಗ್‌ನ ಅಂತಾರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ಮೂರು ಪದಕ ಗೆದ್ದು, 2016ರಲ್ಲಿ ಅಮೆರಿಕದ ಎಂಐಟಿ ಸೇರಿದಳು. ನಿಜ. ಆದರೆ ಅದೇ ಹುಡುಗಿಗೆ ನಮ್ಮ ಐಐಟಿಯ ಬಾಗಿಲು ತೆರೆಯಲಿಲ್ಲ, ಹನ್ನೆರಡನೇ ತರಗತಿಯ ಸರ್ಟಿಫಿಕೇಟ್ ಇಲ್ಲ ಎಂಬ ಕಾರಣಕ್ಕೆ. ಅಷ್ಟು ಪ್ರತಿಭೆಯಿದ್ದವಳಿಗೇ ಹಾಗಾದರೆ ನಮ್ಮ ಸಾಧಾರಣ ಮಕ್ಕಳ ಪಾಡೇನು? ಅವಳ ತಾಯಿ ಮಗಳಿಗಾಗಿ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರು ಎಂಬುದನ್ನೂ ಕಥೆ ಹೇಳುವಾಗ ಮರೆಯಬಾರದು.

ಆದ್ದರಿಂದ ಮನೆಯಲ್ಲಿ ಕಲಿಸುತ್ತೇವೆ ಎಂದು ಯಾರಾದರೂ ಬಂದರೆ ನಾವೀಗ ಹೌದು ಇಲ್ಲ ಎರಡನ್ನೂ ಹೇಳುವುದಿಲ್ಲ. ನಾಲ್ಕು ಪ್ರಶ್ನೆ ಕೇಳುತ್ತೇವೆ. ದಿನಾ ಯಾರು, ಎಷ್ಟು ಹೊತ್ತು ಕೂತು ಕಲಿಸುತ್ತೀರಿ? ಹತ್ತನೇ ತರಗತಿಗೆ ಯಾವ ವರ್ಷ, ಯಾವ ಬೋರ್ಡಿನಲ್ಲಿ ನೋಂದಣಿ ಮಾಡಿಸುತ್ತೀರಿ? ಮಗುವಿಗೆ ಬೇರೆ ಮಕ್ಕಳ ಜೊತೆ ಸೇರುವ ಜಾಗ ಯಾವುದು? ಮಗು ಶಾಲೆಗೆ ಹೋಗುತ್ತೇನೆ ಎಂದರೆ ಕಳಿಸುತ್ತೀರಾ? ಈ ನಾಲ್ಕಕ್ಕೂ ಉತ್ತರ ಇದ್ದರೆ ಕೂತು ದುಆ ಮಾಡುತ್ತೇವೆ. ಒಂದಕ್ಕೆ ಉತ್ತರ ಇಲ್ಲದಿದ್ದರೂ ಶಾಲೆಯೇ ಮೇಲು. ಶಾಲೆಯಲ್ಲಿ ತೊಂದರೆ ಇದ್ದರೆ ಹೋಗಿ ಮಾತಾಡೋಣ, ಜಮಾಅತ್‌ನ ಹಿರಿಯರನ್ನು ಕರೆದುಕೊಂಡು ಹೋಗೋಣ, ಬೇಕಾದರೆ ಬೇರೆ ಶಾಲೆ ಹುಡುಕೋಣ.

ಜಮಾಅತ್‌ಗಳೂ ಒಂದು ಕೆಲಸ ಮಾಡಬೇಕು. ಮದ್ರಸದ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆಯ ಹೆಸರು ಬರೆಯುತ್ತೇವೆ. ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ: ಯಾವ ಶಾಲೆ, ಎಷ್ಟನೇ ತರಗತಿ, ಶಾಲೆಯಲ್ಲಿ ಇಲ್ಲದಿದ್ದರೆ ಯಾವ ಪರೀಕ್ಷೆಗೆ ತಯಾರಿ. ನಮ್ಮ ಮದ್ರಸದಲ್ಲಿ ಇದನ್ನು ಶುರು ಮಾಡಿದ್ದೇವೆ. ಖಾಲಿ ಉಳಿದ ಕಾಲಂ ಕಂಡರೆ ಆ ಮನೆಗೆ ಹೋಗುತ್ತೇವೆ. ಒಂದು ಪೆನ್ನು, ಒಂದು ಸ್ಕೇಲು ಸಾಕು, ದುಡ್ಡಿನ ಖರ್ಚಿಲ್ಲ.

ಬೇಕರಿಯವರ ಮಗಳ ವಿಷಯ ಕೇಳುತ್ತೀರಿ ಅಲ್ವಾ? ಪರೀಕ್ಷಾ ಕೇಂದ್ರ ದೂರವಿತ್ತು, ಬೆಳಗ್ಗೆ ಬೇಗ ತಂದೆಯ ಜೊತೆ ಬಸ್ ಹತ್ತಿ ಹೋಗಿ ಮೊದಲ ಸಲ ಮೂರು ವಿಷಯ ಪಾಸು ಮಾಡಿದಳು. ಗಣಿತದಲ್ಲಿ ಹೋಯಿತು, ವಿಜ್ಞಾನ ಬರೆದೇ ಇರಲಿಲ್ಲ. ಅತ್ತಳು, ಸುಧಾರಿಸಿಕೊಂಡಳು, ಮುಂದಿನ ಸಲ ಎರಡನ್ನೂ ಪಾಸು ಮಾಡಿದಳು. ಈಗ ಪಿಯುಸಿಗೆ, ಕಾಲೇಜಿಗೇ ಹೋಗುತ್ತಾಳಂತೆ. "ಉಮ್ಮನ ಹತ್ತಿರ ಇನ್ನು ಕಲಿಯಲು ಇಲ್ಲ" ಎಂದು ನಗುತ್ತಾಳೆ. ತಾಯಿಯೂ ನಗುತ್ತಾರೆ.

ಸಂಡೂರಿನ ಆ ಹೆಣ್ಣುಮಗಳ ಮನೆಗೆ ನಾವು ಹೋದ ತಿಂಗಳು ಹೋಗಿ ಬಂದೆವು, ಮದ್ರಸದ ಕಾರ್ಯದರ್ಶಿಯವರನ್ನೂ ಕರೆದುಕೊಂಡು. ಗಂಡನ ಎದುರೇ ನಮ್ಮ ತಪ್ಪು ಒಪ್ಪಿಕೊಂಡೆವು, ಮುಕ್ತ ಶಾಲೆಯ ವಿಷಯ ಹೇಳಿದೆವು. "ಎರಡು ಮಕ್ಕಳಾದವು. ಈಗ ಆಗ್ತದಾ ಉಸ್ತಾದರೇ?" ಎಂದು ಕೇಳಿದಳು. ವಯಸ್ಸಿನ ಮಿತಿ ಇಲ್ಲಮ್ಮಾ, ಐದು ವರ್ಷ ಅವಕಾಶ ಉಂಟು ಎಂದೆವು. ಗಂಡ ಒಪ್ಪಿದ್ದಾನೆ. ಆಧಾರ್‌ನಲ್ಲಿ ಒಂದು ಹೆಸರು, ಹಳೆಯ ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇದೆ. ಅದನ್ನು ಸರಿ ಮಾಡಿಸಬೇಕು. ಬರುವ ಸೋಮವಾರ ನಾವೇ ಜೊತೆಗೆ ಹೋಗುತ್ತಿದ್ದೇವೆ. ನಿಮ್ಮ ದುಆದಲ್ಲಿ ಅವಳನ್ನೂ ಸೇರಿಸಿಕೊಳ್ಳಿ.